ಹಣ ಕಳುಹಿಸಿದರೆ ಸಾಕೇ?

ಪ್ರಶ್ನೆ: ಬಡ ದೇಶಗಳ ಮಹಿಳಾ ನಾಯಕತ್ವಕ್ಕೆ ನೆರವಾಗಲು ನಮ್ಮ ಮಹಿಳಾ ಸಮಾಜ ಸ್ವಲ್ಪ ಹಣ ಕೂಡಿಸಿದೆ. ಅದನ್ನು ಕಳುಹಿಸಿದರೆ ಸಾಕೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನಿಮ್ಮ ಆಸೆ ದೊಡ್ಡದು. ಆದರೆ ಆ ಹಣದ ಬಳಕೆಯನ್ನು ನಿರ್ಧರಿಸುವವರು ಯಾರು ಎಂಬುದನ್ನು ಮೊದಲು ಕೇಳಿ. 1974ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಕಟ್ಟಿದ, ಸ್ವಉದ್ಯೋಗಿ ಮಹಿಳೆಯರ ‘ಸೇವಾ’ ಸಂಘಟನೆಯ 4,000 ಮಹಿಳೆಯರು ತಲಾ 10 ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ಕಟ್ಟಿದರು. ಸಹಿ ಬಾರದವರು ಖಾತೆ ಸಂಖ್ಯೆ ಬರೆದ ಸ್ಲೇಟು ಹಿಡಿದು ತೆಗೆಸಿಕೊಂಡ ಭಾವಚಿತ್ರವೇ ಅವರ ಗುರುತಾಯಿತು. ಕೀನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಆರಂಭಿಸಿದ ಗಿಡ ನೆಡುವ ‘ಗ್ರೀನ್ ಬೆಲ್ಟ್’ ಚಳವಳಿಗೆ ಹೊರಗಿನ ನೆರವು ಬಂದರೂ ಸಸಿ ಬೆಳೆಸುವ ಕೆಲಸ ಹಳ್ಳಿಯ ಹೆಂಗಸರ ಕೈಯಲ್ಲೇ ಉಳಿಯಿತು.

ನಮ್ಮ ಕರ್ನಾಟಕದಲ್ಲಿಯೂ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿ ಇತ್ತು. ಆದರೂ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕುಳಿತು, ಆಕೆ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದ ಸಭೆಯೊಂದನ್ನು ನಾನೇ ಕಂಡಿದ್ದೇನೆ; ಆ ದಿನದ ಸಂಕಟ ಇನ್ನೂ ಮಾಸಿಲ್ಲ. ಆದ್ದರಿಂದ ಮಹಿಳೆಯರೇ ನಡೆಸುವ ಸಂಘವನ್ನು ಆರಿಸಿ, ಒಂದೇ ಕಂತಿನಲ್ಲಿ ಕೈತೊಳೆದುಕೊಳ್ಳದೆ ಕೆಲವು ವರ್ಷ ಜೊತೆಗಿರಿ. ಆನೇಕಲ್ ಕಡೆಯ ಪಂಚಾಯಿತಿ ಸದಸ್ಯೆಯರಿಗೆ ಆಯವ್ಯಯ ಪತ್ರ ಓದಲು ನೆರವಾಗುವುದೂ ಇದೇ ಕೆಲಸ. ಆದರೆ ಸಭೆಯಲ್ಲಿ ಅವರ ಪರವಾಗಿ ನೀವು ಮಾತನಾಡಬೇಡಿ.