ಅಶ್ವಗಂಧದ ಹೇರಿ ರೂಟ್ ಫ್ಲಾಸ್ಕ್‌ನಲ್ಲಿ ಚೆನ್ನಾಗಿ ಬೆಳೀತಿದೆ, ವಿಥನೊಲೈಡ್ ತೆಗೆಯೋಕೆ ಯಾವ ಬಯೋರಿಯಾಕ್ಟರ್ ತಗೊಳ್ಳಲಿ?

ಬಯೋರಿಯಾಕ್ಟರ್, ಅಂದರೆ ಬೇರು ಬೆಳೆಸುವ ಟ್ಯಾಂಕು, ತಗೋಬೇಡಿ. ಈಗಂತೂ ಬೇಡವೇ ಬೇಡ. (ಹೊಸಬರಿಗೆ: ಹೇರಿ ರೂಟ್ ಅಂದರೆ ಬ್ಯಾಕ್ಟೀರಿಯಾ ಸೋಂಕಿನಿಂದ ಗಿಡದಲ್ಲಿ ಹುಟ್ಟುವ ರೋಮದ ಬೇರು, ವಿಥನೊಲೈಡ್ ಅಂದರೆ ಅಶ್ವಗಂಧದ ಔಷಧಾಂಶ.)

ಪ್ರಶ್ನೆಯ ವಿವರದಲ್ಲಿ ನೀವು ಬರೆದಿದ್ದೀರಿ: ಒಂದೇ ಎಲೆಯಿಂದ ಬಂದ ಬೇರುಗಳನ್ನೆಲ್ಲ ಒಟ್ಟಿಗೆ ಫ್ಲಾಸ್ಕ್‌ಗೆ ಹಾಕಿದ ಮೇಲೆ ಬೆಳವಣಿಗೆ ಜೋರಾಯಿತು ಅಂತ. ಅದನ್ನು ಓದಿ ಎದೆ ಧಸಕ್ಕೆಂದಿತು. ಪಿಎಚ್‌ಡಿ ಮಾಡುವಾಗ ಇದೇ ಗಿಡದಲ್ಲಿ, ಇದೇ ಕೆಲಸವನ್ನು ನಾನೂ ಮಾಡಿದ್ದೆ.

ಎಲೆಯ ನಡುನರವನ್ನು ಸೂಜಿಯಿಂದ ಚುಚ್ಚಿ, ಅಗ್ರೋಬ್ಯಾಕ್ಟೀರಿಯಂ ರೈಜೋಜೀನಿಸ್ ಎಂಬ ಬ್ಯಾಕ್ಟೀರಿಯಾದ ಕಲ್ಚರಿನಲ್ಲಿ ಅದ್ದಿ, ಒಂದೆರಡು ದಿನ ಕತ್ತಲಲ್ಲಿಟ್ಟು, ಆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಸೆಫೊಟ್ಯಾಕ್ಸಿಮ್ ಇರುವ ಪ್ಲೇಟಿಗೆ ದಾಟಿಸಿದ್ದೆ. ಕೆಲವು ವಾರಕ್ಕೆ ಗಾಯದ ಅಂಚಿನಿಂದ ಬಿಳಿ ಬೇರುಗಳು ಎದ್ದವು. ಮೈತುಂಬ ನವಿರಾದ ರೋಮ. ಕೆಳಕ್ಕಿಳಿಯುವ ಬದಲು ಅಡ್ಡಡ್ಡ ಹಬ್ಬುತ್ತಿದ್ದವು. ಹಾರ್ಮೋನ್ ಒಂದಿಷ್ಟೂ ಹಾಕದ ಎಂಎಸ್ ಮೀಡಿಯಾ ಎಂಬ ಪೋಷಕದಲ್ಲೂ ಕವಲೊಡೆಯುತ್ತಿದ್ದವು. ಆದರೆ ಒಂದು ತುದಿಯನ್ನು ಕತ್ತರಿಸಿ 50 ಮಿಲೀ ದ್ರವಕ್ಕೆ ಹಾಕಿದರೆ ಅದು ಸುಮ್ಮನೆ ಕೂತಿರುತ್ತಿತ್ತು, ಕೆಲವು ಕಂದಾಗಿ ಸತ್ತೇ ಹೋಗುತ್ತಿದ್ದವು. ಪ್ರಗತಿ ವರದಿ ಕೊಡುವ ದಿನ ಹತ್ತಿರವಿತ್ತು. ಒಂದೇ ಎಲೆ, ಒಂದೇ ಬ್ಯಾಕ್ಟೀರಿಯಾ, ಎಲ್ಲ ಒಂದೇ ತಾನೇ ಅಂದುಕೊಂಡು ಆ ಎಲೆಯ ಬೇರುಗಳನ್ನೆಲ್ಲ ಒಟ್ಟಿಗೆ ಶೇಕರ್ ಮೇಲಿಟ್ಟೆ. ಫ್ಲಾಸ್ಕ್ ತುಂಬಿತು. ಎಚ್‌ಪಿಎಲ್‌ಸಿಯಲ್ಲಿ, ಅಂದರೆ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ, ವಿಥನೊಲೈಡ್-ಎ ಪೀಕ್ ಎದ್ದು ಕಂಡಿತು. ಎಲ್ಲರೂ ಖುಷಿಪಟ್ಟರು.

ಅವೆಲ್ಲ ಒಂದೇ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ಪೂರ್ತಿ ಯೋಜನೆ ನಿಂತಿರುವುದೇ ಇದರ ಮೇಲೆ. ಈ ಬ್ಯಾಕ್ಟೀರಿಯಾ ತನ್ನ ಆರ್‌ಐ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಒಂದು ತುಣುಕನ್ನು, ಅಂದರೆ ಟಿ-ಡಿಎನ್‌ಎಯನ್ನು, ಗಿಡದ ಜೀನೋಮ್‌ಗೆ ಸೇರಿಸುತ್ತದೆ. ಮೇರಿ-ಡೆಲ್ ಚಿಲ್ಟನ್ ಮತ್ತು ಸಂಗಡಿಗರು 1982ರಲ್ಲೇ ಇದನ್ನು ತೋರಿಸಿದ್ದರು. ಎಲ್ಲಿ ಸೇರುತ್ತದೆ, ಎಷ್ಟು ಪ್ರತಿ ಸೇರುತ್ತದೆ ಅನ್ನುವುದಕ್ಕೆ ಕಟ್ಟುಪಾಡಿಲ್ಲ. ಈ ಬ್ಯಾಕ್ಟೀರಿಯಾದ ಎ4 ಥರದ ತಳಿಗಳಲ್ಲಿ ಟಿಎಲ್, ಟಿಆರ್ ಎಂದು ಎರಡು ತುಣುಕಿದ್ದು, ಬೇರು ಹುಟ್ಟಿಸುವ ರೋಲ್ ಜೀನ್‌ಗಳು ಒಂದರಲ್ಲಿ, ಆಕ್ಸಿನ್ ಎಂಬ ಹಾರ್ಮೋನಿನ ಜೀನ್‌ಗಳು ಇನ್ನೊಂದರಲ್ಲಿ ಇರುತ್ತವೆ. ಒಂದು ಬೇರಿಗೆ ಎರಡೂ ಸಿಕ್ಕಿರಬಹುದು, ಪಕ್ಕದ್ದಕ್ಕೆ ಒಂದೇ ಸಿಕ್ಕಿರಬಹುದು. ಹಾಗಾಗಿ ಎಲೆಯಿಂದ ಎದ್ದ ಒಂದೊಂದು ಬೇರೂ ಒಂದೊಂದು ಸ್ವತಂತ್ರ ಲೈನ್, ಅಂದರೆ ಬೇರೆಯೇ ವಂಶ. ಒಂದು ಸಪೂರವಾಗಿ ಸರಸರ ಬೆಳೆಯುತ್ತದೆ, ಇನ್ನೊಂದು ದಪ್ಪಗೆ ನಿಧಾನಕ್ಕೆ. ಬೇಗ ಬೆಳೆಯುವುದರಲ್ಲೇ ಔಷಧಾಂಶ ಜಾಸ್ತಿ ಇರಬೇಕೆಂದೇನಿಲ್ಲ.

ಇಂಥವನ್ನೆಲ್ಲ ಒಂದೇ ಫ್ಲಾಸ್ಕ್‌ನಲ್ಲಿಟ್ಟು, ಬೆಳೆದಿದ್ದರಲ್ಲಿ ಒಂದು ಹಿಡಿ ತೆಗೆದು ಹೊಸ ಮೀಡಿಯಾಕ್ಕೆ ಹಾಕುತ್ತ ಹೋದರೆ ಏನಾಗುತ್ತದೆ? ಸಬ್‌ಕಲ್ಚರ್ ಮಾಡಿದ ಪ್ರತಿಸಲವೂ ವೇಗದ್ದರ ಪಾಲು ಹೆಚ್ಚುತ್ತದೆ. ಕಳೆ ಬೆಳೆಯನ್ನು ನುಂಗಿದ ಹಾಗೆ. ನನ್ನ ಪೀಕ್ ತಿಂಗಳಿಂದ ತಿಂಗಳಿಗೆ ಕುಗ್ಗಿತು, ಬೇರಿನ ತೂಕ ಮಾತ್ರ ಏರುತ್ತಲೇ ಇತ್ತು. ಹೇರಿ ರೂಟ್ ಜೆನೆಟಿಕ್ ಆಗಿ ಸ್ಥಿರ ಅನ್ನುತ್ತಾರಲ್ಲ, ಅದೇ ಸುಳ್ಳಿರಬೇಕು ಅಂತ ಮೀಡಿಯಾ ಬದಲಿಸಿದೆ, ಸಕ್ಕರೆ ಬದಲಿಸಿದೆ, ಔಷಧಾಂಶ ಹೆಚ್ಚಲೆಂದು ಮೀಥೈಲ್ ಜಾಸ್ಮೊನೇಟ್ ಹಾಕಿ ನೋಡಿದೆ. ಬೇರು ಸ್ಥಿರವಾಗಿಯೇ ಇತ್ತು. ನಾನು ಅಳೆಯುತ್ತಿದ್ದದ್ದು ಬೇರೆ ಬೇರನ್ನು, ಅಷ್ಟೇ. ಮೊದಲ ಪೀಕ್ ಕೊಟ್ಟ ಲೈನ್ ಫ್ಲಾಸ್ಕ್‌ನೊಳಗೆ ಯಾವತ್ತೋ ಅಳಿದುಹೋಗಿತ್ತು. ಮೂಲ ಪ್ಲೇಟನ್ನೂ ಉಳಿಸಿಕೊಂಡಿರಲಿಲ್ಲ. ಮತ್ತೆ ಎಲೆ ಚುಚ್ಚಿದರೆ ಹೊಸ ಬೇರು ಬರುತ್ತದೆ. ಟಿ-ಡಿಎನ್‌ಎ ಅದೇ ಜಾಗದಲ್ಲಿ ಕೂತ ಅದೇ ಬೇರು ಬರುವುದಿಲ್ಲ. ಫೆಲೋಶಿಪ್ ಮುಗಿದ ಮೇಲೂ ಕೆಲಸ ಮುಂದುವರಿಸಬೇಕಾಯಿತು, ಸಂಬಳವಿಲ್ಲದೆ.

ಆದ್ದರಿಂದ ಒಂದು ಬೇರಿಗೆ ಒಂದು ಪ್ಲೇಟ್, ಒಂದು ಹೆಸರು. ತುದಿ ಎರಡು ಮೂರು ಸೆಂಟಿಮೀಟರ್ ಆದಾಗ ಕತ್ತರಿಸಿ. ಮೊದಲು ಅಗರ್ ಮೇಲೆ ಸಾಕಷ್ಟು ಬೆಳೆಸಿ, ಆಮೇಲೆ ಕಡಿಮೆ ದ್ರವಕ್ಕೆ ಹಾಕಿ, ಮೆಲ್ಲಗೆ ಪ್ರಮಾಣ ಏರಿಸಿ. ತಾಯಿ ಪ್ಲೇಟನ್ನು ಯಾವ ಕಾರಣಕ್ಕೂ ಬಿಸಾಡಬೇಡಿ. ಪಿಸಿಆರ್‌ನಲ್ಲಿ, ಅಂದರೆ ಜೀನ್ ಇದೆಯೇ ಎಂದು ನೋಡುವ ಪರೀಕ್ಷೆಯಲ್ಲಿ, ರೋಲ್-ಬಿ ಜೀನ್ ಬಂತು ಅಂತ ನಿಲ್ಲಿಸಲೂಬೇಡಿ. ಬೇರಿನೊಳಗೆ ಅವಿತಿರುವ ಬ್ಯಾಕ್ಟೀರಿಯಾದಿಂದಲೂ ಅದು ಬರುತ್ತದೆ. ವಿರ್-ಡಿ2 ಜೀನ್ ಟಿ-ಡಿಎನ್‌ಎಯ ಹೊರಗಿರುವಂಥದ್ದು, ಅದು ಬರಬಾರದು. ಬಂದರೆ ಬ್ಯಾಕ್ಟೀರಿಯಾ ಇನ್ನೂ ಇದೆ ಎಂದೇ ಲೆಕ್ಕ.

ಇನ್ನು ನಿಮ್ಮ ಮೂಲ ಆಲೋಚನೆಯ ಬಗ್ಗೆ. ಬೇಜಾರು ಮಾಡಿಕೊಳ್ಳಬೇಡಿ, ಅಶ್ವಗಂಧವನ್ನು ಟ್ಯಾಂಕಿನಲ್ಲಿ ಬೆಳೆಸುವುದೇ ನನಗೆ ಸರಿ ಕಾಣುವುದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಚ್. ಎನ್. ಮೂರ್ತಿಯವರು ಸಹಲೇಖಕರೊಂದಿಗೆ 2008ರಲ್ಲಿ ಪ್ರಕಟಿಸಿದ ಲೇಖನ ಓದಿರುತ್ತೀರಿ. ಒಂದು ಗ್ರಾಂ ಒಣಬೇರಿನಲ್ಲಿ 157.4 ಮೈಕ್ರೋಗ್ರಾಂ ವಿಥನೊಲೈಡ್-ಎ, ಸಾಮಾನ್ಯ ಕಲ್ಚರ್ ಬೇರಿಗಿಂತ 2.7 ಪಟ್ಟು. ವಿಜ್ಞಾನವಾಗಿ ಒಳ್ಳೆಯ ಕೆಲಸ. ಈಗ ವ್ಯಾಪಾರದ ಲೆಕ್ಕ ಹಾಕಿ: ಬರೀ 1 ಗ್ರಾಂ ವಿಥನೊಲೈಡ್-ಎಗೆ 6 ಕಿಲೋಗಿಂತ ಹೆಚ್ಚು ಒಣಬೇರು ಬೇಕು. ಲೀಟರಿಗೆ 10 ಗ್ರಾಂ ಒಣಬೇರು ಸಿಕ್ಕಿತು ಅಂತಿಟ್ಟುಕೊಂಡರೂ 600 ಲೀಟರ್ ದಾಟುತ್ತದೆ. 3% ಸುಕ್ರೋಸ್ ಅಂದರೆ ಸಕ್ಕರೆಯೇ ಸುಮಾರು 19 ಕಿಲೋ. ಅಷ್ಟನ್ನೂ ಸ್ಟೆರೈಲ್ ಆಗಿ ಇಡಬೇಕು, ಏಸಿ, ಕರೆಂಟು ಬೇರೆ. ಅತ್ತ ರೈತ ಅದೇ ಗಿಡವನ್ನು ಒಣಭೂಮಿಯಲ್ಲಿ ಐದಾರು ತಿಂಗಳಲ್ಲಿ ಬೆಳೆದು ಮಧ್ಯಪ್ರದೇಶದ ನೀಮಚ್ ಮಂಡಿಗೆ ತಂದು ಸುರಿಯುತ್ತಾನೆ. ಅವನ ಜೊತೆ ನೀವು ಯಾಕೆ ಪೈಪೋಟಿ ಮಾಡಬೇಕು?

ಈ ತಂತ್ರಕ್ಕೆ ನಿಜವಾದ ಜಾಗ ಇರುವುದು ಕಾಡಿನ ಮರ ಕಡಿದು ತರುತ್ತಿರುವ ಔಷಧಗಳಲ್ಲಿ. ಕ್ಯಾಂಪ್ಟೊಥೆಸಿನ್ ನೋಡಿ. 1966ರಲ್ಲಿ ವಾಲ್ ಮತ್ತು ವಾನಿ ಅದನ್ನು ಚೀನಾ ಮೂಲದ ಮರದಲ್ಲಿ ಕಂಡರು. ಅದರಿಂದ ಬಂದ ಟೊಪೊಟೆಕಾನ್, ಇರಿನೊಟೆಕಾನ್ ಎರಡಕ್ಕೂ 1996ರಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಔಷಧಿಗಳಾಗಿ ಒಪ್ಪಿಗೆ ಸಿಕ್ಕಿತು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ, ಅಂದರೆ ನೋಥಪೊಡೈಟಿಸ್‌ನಲ್ಲೂ, ಅದು ಚೆನ್ನಾಗಿದೆ. ಅದಕ್ಕೇ ಆ ಮರವನ್ನು ಬುಡಸಮೇತ ಕಡಿದು ಸಾಗಿಸಿದರು. ಅದೇ ಪದಾರ್ಥ ಒಫಿಯೊರೈಜಾ ಎಂಬ ಪುಟ್ಟ ಗಿಡದಲ್ಲೂ ಇದೆ. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಸೈತೊ ತಂಡ 2001ರಲ್ಲಿ ಒಫಿಯೊರೈಜಾ ಪ್ಯುಮಿಲಾದ ಹೇರಿ ರೂಟ್ ಬೆಳೆಸಿದಾಗ ಕ್ಯಾಂಪ್ಟೊಥೆಸಿನ್ ಬೇರಿನಲ್ಲಿ ಮಾತ್ರವಲ್ಲ, ಮೀಡಿಯಾಕ್ಕೂ ಸೋರುತ್ತಿತ್ತು. ಅಂದರೆ ಬೇರನ್ನು ಕೊಲ್ಲದೆ ದ್ರವದಿಂದಲೇ ಒಂದಿಷ್ಟು ತೆಗೆಯಬಹುದು. ನನಗೆ ಇಂಥದ್ದರಲ್ಲಿ ಆಸೆ ಇದೆ. ಘಟ್ಟದಲ್ಲಿ ಒಂದು ಮರ ಉಳಿದರೂ ಆ ಶ್ರಮ ಸಾರ್ಥಕ.

ಅಶ್ವಗಂಧದಲ್ಲೇ ಮುಂದುವರಿಯುತ್ತೀರಾದರೂ ರಿಯಾಕ್ಟರಿನ ಮಾತು ಕೊನೆಗಿರಲಿ. ಮಾಮೂಲಿ ಫರ್ಮೆಂಟರ್‌ನ ರೆಕ್ಕೆ ಬೇರನ್ನು ಹರಿದುಹಾಕುತ್ತದೆ, ಬೇರು ಗಂಟುಕಟ್ಟಿ ನಡುವೆ ಆಕ್ಸಿಜನ್ ಸಿಗದೆ ಕಂದಾಗುತ್ತದೆ. ಜಾಲರಿ ಕೂರಿಸಿದ ಬಬಲ್ ಕಾಲಮ್ ಥರದ್ದನ್ನೇ ನೋಡಬೇಕಾಗುತ್ತದೆ. ಹೊರಗಿನ ಜೀನ್ ಏನಾದರೂ ಸೇರಿಸುವ ಯೋಚನೆಯಿದ್ದರೆ ಜೀನ್ ಮಾರ್ಪಾಡಿನ ಕುರಿತ ಭಾರತದ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಬಯೋಸೇಫ್ಟಿ ಸಮಿತಿಯ ಒಪ್ಪಿಗೆ ಮೊದಲು ಪಡೆಯಿರಿ.

ಈ ವಾರವೇ ಆ ಫ್ಲಾಸ್ಕ್‌ನಿಂದ ಬೇರೆ ಬೇರೆ ರೂಪದ ತುದಿಗಳನ್ನು ಆರಿಸಿ ಬಿಡಿಬಿಡಿಯಾಗಿ ಪ್ಲೇಟಿಗೆ ಹಾಕಿ, ದಪ್ಪಗೆ ನಿಧಾನವಾಗಿರುವವನ್ನು ಮೊದಲು. ಎಲೆ ಇನ್ನೂ ಪ್ಲೇಟಿನಲ್ಲಿದ್ದರೆ ಅದನ್ನೂ ಇಟ್ಟುಕೊಳ್ಳಿ. ಒಂದೊಂದು ಲೈನ್‌ನ ಒಣತೂಕ ಮತ್ತು ವಿಥನೊಲೈಡ್ ಅಂಶ ಎರಡನ್ನೂ ಗುಣಿಸಿ ಪಟ್ಟಿ ಮಾಡಿ ಇಲ್ಲಿ ಹಾಕಿ, ಯಾವುದನ್ನು ಉಳಿಸಿಕೊಳ್ಳಬಹುದು ಅಂತ ನೋಡಿ ಹೇಳುತ್ತೇನೆ.