ಶಿಕ್ಷಣ ಮತ್ತೆ ರಾಜ್ಯಪಟ್ಟಿಗೆ ಬಂದರೆ ದಿಲ್ಲಿಯ ಹಿಡಿತ ತಪ್ಪುತ್ತಾ?

ಈ ಪ್ರಶ್ನೆಗೆ ನನ್ನ ಉತ್ತರ: ಅರ್ಧ ತಪ್ಪುತ್ತದೆ. ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವನು, ಹಾಗಾಗಿ ಕಾಲೇಜಿನ ಕಡೆಯಿಂದಲೇ ಹೇಳ್ತೀನಿ.

1976ರವರೆಗೆ ಶಿಕ್ಷಣ ರಾಜ್ಯಪಟ್ಟಿಯಲ್ಲೇ, ಅಂದರೆ ಸಂವಿಧಾನದಲ್ಲಿ ರಾಜ್ಯಗಳು ಕಾನೂನು ಮಾಡುವ ವಿಷಯಗಳ ಪಟ್ಟಿಯಲ್ಲೇ ಇತ್ತು. ತುರ್ತುಪರಿಸ್ಥಿತಿಯಲ್ಲಿ ಬಂದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಹೆಸರಿಗೆ ಕೇಂದ್ರ, ರಾಜ್ಯ ಇಬ್ಬರಿಗೂ ಅಧಿಕಾರ. ಆದರೆ ಎರಡು ಕಾನೂನುಗಳ ನಡುವೆ ತಿಕ್ಕಾಟ ಬಂದರೆ ಸಂಸತ್ತಿನದೇ ಮೇಲು. ರಾಜ್ಯದ ಕಾನೂನು ಉಳಿಯಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬೇಡ ಅಂತ ತಮಿಳುನಾಡು 2021ರಲ್ಲೂ 2022ರಲ್ಲೂ ಮಸೂದೆ ಪಾಸು ಮಾಡಿತು. ಅಂಕಿತ ಸಿಗಲಿಲ್ಲ.

ಜಾಸ್ತಿ ಜನ ಗಮನಿಸದ ವಿಷಯ ಒಂದಿದೆ. ಉನ್ನತ ಶಿಕ್ಷಣದ ಗುಣಮಟ್ಟ ನಿಗದಿ ಮಾಡೋದು ಮೊದಲಿನಿಂದಲೂ ಕೇಂದ್ರಪಟ್ಟಿಯ 66ನೇ ನಮೂದು. 42ನೇ ತಿದ್ದುಪಡಿಗೂ ಅದಕ್ಕೂ ಸಂಬಂಧವಿಲ್ಲ. ಶಿಕ್ಷಣ ನಾಳೆ ರಾಜ್ಯಕ್ಕೆ ವಾಪಸ್ ಬಂದರೂ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಎಲ್ಲಿಗೂ ಹೋಗೋದಿಲ್ಲ. ಇನ್ನು ದುಡ್ಡಿನ ವಿಷಯ. ಕೇಂದ್ರದ ಮಾದರಿ ಶಾಲೆಗಳ ಯೋಜನೆ ಪಿಎಂ ಶ್ರೀ ಒಪ್ಪಂದಕ್ಕೆ ಸಹಿ ಹಾಕದ ತಮಿಳುನಾಡಿಗೆ 2024-25ರಲ್ಲಿ ಶಾಲೆಗಳಿಗೆ ಕೇಂದ್ರ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಹಣವೇ ನಿಂತುಹೋಯಿತು. ಯಾವ ಪಟ್ಟಿಯಲ್ಲಿದ್ದರೇನು, ಗಂಟು ದಿಲ್ಲಿಯ ಕೈಲಿದ್ದರೆ?

ಹಾಗಂತ ತಪ್ಪೆಲ್ಲ ದಿಲ್ಲಿಯದೇ ಅಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್‌ಇಪಿ) 2021ರಲ್ಲಿ ಎಲ್ಲರಿಗಿಂತ ಮುಂಚೆ ಜಾರಿ ಮಾಡಿದ್ದು ನಮ್ಮ ಕರ್ನಾಟಕ. ಡಿಗ್ರಿ ನಾಲ್ಕು ವರ್ಷದ್ದಾಯಿತು, ಬೇಕಾದವರು ಮೂರಕ್ಕೇ ಮುಗಿಸಬಹುದಿತ್ತು. ಸರ್ಕಾರ ಬದಲಾಯಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಎರಡೂ ಆದೇಶ ಬಂದದ್ದು ಬೆಂಗಳೂರಿಂದಲೇ, ಅಲ್ವಾ? ಆ ವರ್ಷ ನಮ್ಮ ಮೊದಲ ವರ್ಷದವರಿಗೆ ಹೊಸ ಸ್ಕೀಮ್ (ಪಠ್ಯ, ಪರೀಕ್ಷೆಗಳ ಪದ್ಧತಿ), ಎರಡನೆಯ, ಮೂರನೆಯ ವರ್ಷದವರಿಗೆ ಎನ್‌ಇಪಿ, ಹಿಂದಿನ ವಿಷಯ ಪಾಸಾಗದೆ ಬ್ಯಾಕ್‌ಲಾಗ್ ಇದ್ದವರಿಗೆ ಅದಕ್ಕೂ ಹಳೆಯ ಸಿಬಿಸಿಎಸ್ ಪದ್ಧತಿ. ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೊಡುವ ಮುಂಚೆ "ನಿಂದು ಯಾವ ಸ್ಕೀಮಪ್ಪಾ?" ಅಂತ ಕೇಳಬೇಕಿತ್ತು. ಎನ್‌ಇಪಿಯ ಬೇರೆ ವಿಭಾಗದ ವಿಷಯವನ್ನೂ ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್‌ಗಾಗಿ ಟೈಮ್‌ಟೇಬಲ್ ತಿದ್ದೀ ತಿದ್ದೀ ಒಂದು ಹದಕ್ಕೆ ತಂದಿದ್ದೆವು. ಅಷ್ಟರಲ್ಲಿ ಪಠ್ಯಕ್ರಮದ ಚೌಕಟ್ಟೇ ಬದಲಾಯಿತು. ಎರಡು ಸಲವೂ ಪಾಠ ಮಾಡುವ ನಮ್ಮನ್ನು ಯಾರೂ ಕೇಳಲಿಲ್ಲ.

ಶಿಕ್ಷಣ ರಾಜ್ಯಪಟ್ಟಿಗೆ ಬರಲಿ ಅಂತಲೇ ನನ್ನ ಮತ. ಆದರೆ ಅಧಿಕಾರ ವಿಧಾನಸೌಧಕ್ಕೆ ಬಂದು ಅಲ್ಲೇ ಕೂತರೆ ಸುಮ್ನೆ ವಿಳಾಸ ಬದಲಾದಂತೆ. ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗೆ ಬಿಡಬೇಕು. ಒಂದು ಸ್ಕೀಮ್ ತಂದರೆ, ಆ ಬ್ಯಾಚ್ ಪಾಸಾಗಿ ಹೊರಗೆ ಹೋಗಿ, ಅದರ ಫಲ ಏನಾಯಿತು ಅಂತ ನೋಡುವ ತನಕ ಇನ್ನೊಂದು ತರಬಾರದು. ಈ ಎರಡು ಕೆಲಸಕ್ಕೆ ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ, ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಈ ವರ್ಷವೇ ಮಾಡಬಹುದು.