ಓದುಗರ ಪ್ರಶ್ನೆ: ಫೇಸ್‌ಬುಕ್ಕಿಗೆ ಹೋದ ಸಂಬಳದ ತಕರಾರು

ಪ್ರಶ್ನೆ: ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಮೂರು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಎರಡು ತಿಂಗಳಿಂದ ಸಂಬಳ ಬಂದಿಲ್ಲ. ಕೇಳಿದಾಗಲೆಲ್ಲ ‘ಮುಂದಿನ ವಾರ ನೋಡೋಣ’ ಎನ್ನುತ್ತಾರೆ. ಬೇಸತ್ತು ಒಂದು ರಾತ್ರಿ ಫೇಸ್‌ಬುಕ್ಕಿನಲ್ಲಿ, ‘ನಾನು ದುಡಿಯುವ ವಖಾರಿಯವರು ಬಡವರ ಹೊಟ್ಟೆಯ ಮೇಲೆ ಹೊಡೆಯುವ ಕಳ್ಳರು’ ಎಂದು ಬರೆದು, ದುಡಿದದ್ದಕ್ಕೆ ಸಾಕ್ಷಿಯಾಗಿರಲಿ ಎಂದು ನಾನೇ ಬರೆದ ಖಾತೆ ಪುಸ್ತಕದ ಒಂದು ಪುಟದ ಫೋಟೊ ಹಾಕಿದೆ. ಬೆಳಿಗ್ಗೆ ಅಳಿಸುವಷ್ಟರಲ್ಲಿ ಮಾಲೀಕರ ಸಂಬಂಧಿಕರೊಬ್ಬರು ಸ್ಕ್ರೀನ್‌ಶಾಟ್ ತೆಗೆದಿದ್ದರು. ಈಗ ಕೆಲಸದಿಂದ ತೆಗೆಯುತ್ತೇವೆ, ಮಾನನಷ್ಟ ಮೊಕದ್ದಮೆ ಹೂಡುತ್ತೇವೆ ಎನ್ನುತ್ತಿದ್ದಾರೆ. ನಾನು ಸತ್ಯವನ್ನೇ ಬರೆದಿದ್ದೇನೆ, ಹೆಸರನ್ನೂ ಹಾಕಿಲ್ಲ. ನನಗೆ ವಾಕ್ ಸ್ವಾತಂತ್ರ್ಯವಿಲ್ಲವೇ?
– ನೊಂದ ಸೋದರಿ, ಶಿರಸಿ

ಉತ್ತರ: ದುಡಿದ ಸಂಬಳ ನಿಮ್ಮದು. ಅದನ್ನು ಕೇಳುವ ಹಕ್ಕು ಆ ರಾತ್ರಿಯ ಬರಹದಿಂದ ಕಿಂಚಿತ್ತೂ ಕಡಿಮೆಯಾಗಿಲ್ಲ. ಆದರೆ ನಿನ್ನೆಯವರೆಗೆ ತಪ್ಪು ಪೂರ್ತಿಯಾಗಿ ಅವರದ್ದಾಗಿತ್ತು. ಇಂದು ಅವರ ಕೈಗೂ ಒಂದು ದೂರು ಸಿಕ್ಕಿದೆ. ನನಗೆ ಚಿಂತೆಯಾಗಿರುವುದು ಇದೇ.

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಡುತ್ತದೆ. 19(2) ಅದಕ್ಕೆ ಹಾಕಿರುವ ಮಿತಿಗಳಲ್ಲಿ ಮಾನಹಾನಿಯೂ ಒಂದು. 2015ರಲ್ಲಿ ಸುಪ್ರೀಂ ಕೋರ್ಟು ಆಕ್ಷೇಪಾರ್ಹ ಆನ್‌ಲೈನ್ ಬರಹಕ್ಕೆ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದುಪಡಿಸಿದ ಮೇಲೆ ಫೇಸ್‌ಬುಕ್ಕಿನ ಬರಹಕ್ಕೆ ಕೇಸೇ ಇಲ್ಲವೆಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಗೆ ಎರಡು ವರ್ಷಗಳವರೆಗಿನ ಸಾದಾ ಸಜೆ, ದಂಡ, ಇವೆರಡೂ ಅಥವಾ ಸಮುದಾಯ ಸೇವೆಯ ಶಿಕ್ಷೆಯನ್ನು ವಿಧಿಸಬಹುದು. ಹೆಸರು ಹಾಕದಿದ್ದುದರಿಂದ ರಕ್ಷಣೆ ಸಿಗುವುದಿಲ್ಲ. ಯಾರ ಬಗ್ಗೆ ಬರೆದದ್ದೆಂದು ಓದಿದವರಿಗೆ ಗುರುತು ಹತ್ತಿದರೆ ಸಾಕು, ಮತ್ತು ನೀವು ಎಲ್ಲಿ ಕೆಲಸಕ್ಕೆ ಹೋಗುತ್ತೀರಿ ಎಂಬುದು ನಿಮ್ಮ ಸ್ನೇಹಿತರಿಗೆಲ್ಲ ಗೊತ್ತು. ಆಪ್ತರಷ್ಟೇ ನೋಡುವ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಈ ಮಾತು ಅನ್ವಯಿಸುತ್ತದೆ.

ಸತ್ಯವನ್ನೇ ಬರೆದಿದ್ದೀರಿ ಎಂಬುದರಲ್ಲಿ ಎರಡು ಭಾಗಗಳಿವೆ. ‘ಎರಡು ತಿಂಗಳ ಸಂಬಳ ಬಂದಿಲ್ಲ’ ಎಂಬುದು ಪಾಸ್‌ಬುಕ್ ತೋರಿಸಿ ಸಾಧಿಸಬಹುದಾದ ಸಂಗತಿ. ‘ಕಳ್ಳರು’ ಎಂಬುದು ನಿಮ್ಮ ಸಿಟ್ಟು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಗತಿ ಸತ್ಯವಾಗಿದ್ದರಷ್ಟೇ ಸಾಲದು, ಅದನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೆಂದೂ ತೋರಿಸಬೇಕಾಗುತ್ತದೆ. ಅದೇ ಕಲಮು, ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಸಲ್ಲಿಸಿದ ದೂರನ್ನು ಮಾನಹಾನಿಯಿಂದ ಹೊರಗಿಟ್ಟಿದೆ. ಸಂಬಳ ಬಾಕಿಯ ವಿಷಯವನ್ನೇ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿಯಾಗಿ ಬರೆದುಕೊಟ್ಟಿದ್ದರೆ ನಿಮಗೆ ಈ ರಕ್ಷಣೆ ಇರುತ್ತಿತ್ತು. ಈಗಲೂ ತಡವಾಗಿಲ್ಲ.

ನಿಮ್ಮ ಮಾತಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಫೋಟೊ. ಅದರಲ್ಲಿ ನಿಮ್ಮ ದುಂಡನೆಯ ಅಕ್ಷರ ಮಾತ್ರ ಇರಲಿಕ್ಕಿಲ್ಲ. ಬೆಳೆಗಾರರ ಹೆಸರು, ಊರು, ತಂದ ಅಡಿಕೆಯಲ್ಲಿ ಚಾಲಿ ಎಷ್ಟು, ರಾಶಿ ಎಷ್ಟು, ಫಸಲು ಬರುವ ಮೊದಲೇ ಎತ್ತಿದ ಮುಂಗಡ ಎಷ್ಟು ಎಂಬುದೆಲ್ಲ ಇರಬಹುದು. ಮಗಳ ಮದುವೆಗೆಂದು ಸಾಲ ಎತ್ತಿದ ಬೆಳೆಗಾರರೊಬ್ಬರು ಅದನ್ನು ಊರವರಿಂದ ಮುಚ್ಚಿಟ್ಟಿದ್ದರೆ, ಅದನ್ನು ಬಯಲಿಗೆ ತಂದವರು ನೀವಾಗುತ್ತೀರಿ. ಅವರು ನಿಮಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಗ್ರಾಹಕರ ಲೆಕ್ಕವನ್ನು ಹೊರಹಾಕಿದ್ದು ನಂಬಿಕೆದ್ರೋಹವೆಂದು ಹೇಳಿ ಕೆಲಸದಿಂದ ತೆಗೆಯುವುದು ಮಾಲೀಕರಿಗೆ ಸುಲಭ, ಮತ್ತು ಲೆಕ್ಕ ಬರೆಯುವವರನ್ನು ಹುಡುಕುವ ಬೇರೆ ವರ್ತಕರೂ ಮೊದಲು ವಿಚಾರಿಸುವುದು ಇದನ್ನೇ.

ಹಾಗಾಗಿ ಮಾಲೀಕರಿಗೆ ಒಂದು ಚಿಕ್ಕ ಪತ್ರ ಬರೆಯಿರಿ. ‘ಖಾತೆ ಪುಟದ ಫೋಟೊ ಹಾಕಿದ್ದಕ್ಕೂ ಬಳಸಿದ ಮಾತಿಗೂ ವಿಷಾದಿಸುತ್ತೇನೆ; ಬಾಕಿ ಇರುವ ಎರಡು ತಿಂಗಳ ಸಂಬಳವನ್ನು ಕೊಡಬೇಕಾಗಿ ವಿನಂತಿ’ ಎಂದರೆ ಸಾಕು. ಕ್ಷಮೆ ಆ ಎರಡಕ್ಕೆ ಮಾತ್ರ, ಸಂಬಳ ಕೇಳಿದ್ದಕ್ಕಲ್ಲ. ಮೊಕದ್ದಮೆಯ ಬೆದರಿಕೆ ಈಗಾಗಲೇ ಬಂದಿರುವುದರಿಂದ, ಕಳಿಸುವ ಮೊದಲು ಅದನ್ನು ವಕೀಲರೊಬ್ಬರಿಗೆ ತೋರಿಸಿ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರ್ಟಿನಲ್ಲಿ ವಿಚಾರಿಸಿ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ದಿನದೊಳಗೆ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಕಾರ್ಮಿಕ ನಿರೀಕ್ಷಕರಿಗೆ ಕೊಡುವ ಅರ್ಜಿಯಲ್ಲಿ ಇದನ್ನು ಉಲ್ಲೇಖಿಸಿ. ‘ಬಾಕಿ ಏನೂ ಇಲ್ಲ’ ಎಂದು ಬರೆದ ಕಾಗದಕ್ಕಾಗಲಿ ಖಾಲಿ ಹಾಳೆಗಾಗಲಿ, ಯಾರು ಎಷ್ಟೇ ನಯವಾಗಿ ಕೇಳಿದರೂ ಸಹಿ ಹಾಕಬೇಡಿ. ಪೋಸ್ಟು ಹಾಕಿಯೇ ಇಲ್ಲವೆಂದು ವಾದಿಸಬೇಡಿ. ಒಂದು ಸುಳ್ಳು ಹೊರಬಿದ್ದರೆ ನಿಮ್ಮ ಸಂಬಳದ ಸತ್ಯವನ್ನೂ ಜನ ಅನುಮಾನದಿಂದ ನೋಡುತ್ತಾರೆ.

ಪ್ರಶ್ನೆ: ಕಾರವಾರದ ನೌಕಾನೆಲೆಯಲ್ಲಿ ಗುತ್ತಿಗೆದಾರರ ಕಡೆಯಿಂದ ವಿದ್ಯುತ್ ಕೆಲಸಕ್ಕೆ ಹೋಗುತ್ತೇನೆ. ಊಟದ ಹೊತ್ತಿನಲ್ಲಿ ತೆಗೆದ ಸೆಲ್ಫಿಯನ್ನು ಹಾಕಿಕೊಂಡರೆ ತಪ್ಪೇ? ನಾನು ಯಾರನ್ನೂ ಬೈದಿಲ್ಲವಲ್ಲ.
– ಓದುಗ, ಅಂಕೋಲಾ

ಉತ್ತರ: ಖಂಡಿತ ಹಾಕಬೇಡಿ. ಇಲ್ಲಿ ಬೈಗುಳದ ಪ್ರಶ್ನೆಯೇ ಇಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ನೌಕಾಪಡೆಯ ನೆಲೆಗಳು ನಿಷೇಧಿತ ಸ್ಥಳಗಳು. ನಿಮ್ಮ ಮುಖದ ಹಿಂದೆ ಕಾಣುವ ಜೆಟ್ಟಿ, ಹಡಗು, ಕೊರಳಿನಲ್ಲಿರುವ ಪಾಸು, ಇವೆಲ್ಲ ಬೇರೊಬ್ಬರಿಗೆ ಮಾಹಿತಿ. ನೆಲೆಯ ಮಾಹಿತಿ ಹಂಚಿದ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ನಮ್ಮ ಜಿಲ್ಲೆಯ ಇಬ್ಬರನ್ನು ಬಂಧಿಸಿದ್ದು ನಿಮಗೆ ನೆನಪಿರಬಹುದು. ಫೇಸ್‌ಬುಕ್ಕಿನಲ್ಲಿ ಹೊಸದಾಗಿ ಪರಿಚಯವಾದವರು ನಿಮ್ಮ ಪಾಳಿ ಯಾವುದು, ಯಾವ ಹಡಗು ಬಂದಿದೆ ಎಂದು ವಿಚಾರಿಸಿದರೆ ಉತ್ತರ ಕೊಡದೆ, ಆ ಸಂದೇಶವನ್ನು ಅಳಿಸದೆ, ಅಂದೇ ಭದ್ರತಾ ಸಿಬ್ಬಂದಿಗೆ ತೋರಿಸಿ.